ನಿಮಗಿದು ಗೊತ್ತೆ?: ನೆರೆಗೆ ಜಗ್ಗದ ಭತ್ತ

ಭತ್ತ ನೀರಿನ ಬೆಳೆಯೇ. ಆದರೂ ನೆರೆ ಬಂದು ಪೈರು ತುದಿಯವರೆಗೆ ಮುಳುಗಿದರೆ ಬಹುತೇಕ ತಳಿಗಳು ವಾರದೊಪ್ಪತ್ತಿನಲ್ಲಿ ಸಾಯುತ್ತವೆ. ನೀರಿನಿಂದ ತಲೆಯೆತ್ತಲು ಅವಸರದಲ್ಲಿ ಉದ್ದ ಬೆಳೆದು, ಕೂಡಿಟ್ಟ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತವೆ. ಒಡಿಶಾದ ನಾಟಿ ಭತ್ತದಿಂದ ಆಯ್ದ ‘ಎಫ್‌ಆರ್ 13ಎ’ ಹಾಗಲ್ಲ. ಮುಳುಗಿದಾಗ ಬೆಳವಣಿಗೆ ತಡೆದು, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ತಲೆಮಾರುಗಳಿಂದ ಈ ಬೀಜ ಕಾಪಾಡಿದ ರೈತರ ಉಪಕಾರ ದೊಡ್ಡದು. ಈ ಗುಣ ಕೊಡುವ ವಂಶವಾಹಿ ‘ಸಬ್1ಎ’ ಎಂದು 2006ರಲ್ಲಿ ಪ್ರಕಟವಾಯಿತು. ಕುಲಾಂತರಿ ವಿಧಾನ ಬಳಸದೆ, ತಳಿಸಂಕರಣದಿಂದಲೇ ಅದನ್ನು ಜನಪ್ರಿಯ ‘ಸ್ವರ್ಣ’ ಭತ್ತಕ್ಕೆ ಸೇರಿಸಲಾಯಿತು. ಭಾರತದಲ್ಲಿ 2009ರಲ್ಲಿ ಬಿಡುಗಡೆಯಾದ ‘ಸ್ವರ್ಣ ಸಬ್1’ ಸುಮಾರು ಎರಡು ವಾರ ಮುಳುಗಿದರೂ ತಾಳಿಕೊಳ್ಳುತ್ತದೆ. ಹೂ ಬಿಡುವ ಹಂತದಲ್ಲಿ ನೆರೆ ನುಗ್ಗಿದರೆ ಮಾತ್ರ ಈ ತಳಿಗೂ ಉಳಿಗಾಲ ಕಷ್ಟ.