ಪಾರಿಜಾತ ಕಂಡ ನಾಡಿಗೆ ಕಥೆಯ ಗೇಮ್ ಪರಕೀಯವಲ್ಲ

ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಆಟ ನೋಡಲು ಬಾದಾಮಿ, ಹುನಗುಂದ, ಇಳಕಲ್ ಕಡೆಯ ಜನ ಇಂದಿಗೂ ನಿದ್ದೆ ಬಿಟ್ಟು ಕೂರುತ್ತಾರೆ. ಕಥೆಗಾಗಿ ರಾತ್ರಿ ಕಳೆಯುವುದು ಇಲ್ಲಿ ತಪ್ಪಲ್ಲ. ಅದೇ ಮನೆಯ ಮಗಳು ಕಂಪ್ಯೂಟರ್ ಮುಂದೆ ಕೂತು ಒಂದು ಕಥೆಯೊಳಗೆ ಪಾತ್ರವಾಗಿ ಹೊಕ್ಕರೆ ಮಾತ್ರ ಮನೆಯವರಿಗೆ ದಿಗಿಲು. ಕಥಾಪ್ರಧಾನ ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು, ಅಂದರೆ ಆರ್‌ಪಿಜಿಗಳನ್ನು, ಪ್ರೀತಿಯಿಂದ ಆಡುವ ನನಗೆ ಈ ದಿಗಿಲಿನ ಹಿಂದಿರುವ ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕೆನಿಸುತ್ತದೆ.

ತಪ್ಪು ಕಲ್ಪನೆ 1: ‘ಗೇಮ್ ಅಂದ್ರ ರೊಕ್ಕ ಕಟ್ಟೋ ಜೂಜು.’

ಸತ್ಯ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಪಣಕ್ಕಿಡುವ ಆಟಗಳನ್ನು. ಬಹುತೇಕ ಕಥೆಯ ಗೇಮ್‌ಗಳನ್ನು ಪುಸ್ತಕದಂತೆ ಒಮ್ಮೆ ಕೊಂಡರಾಯಿತು. ಅಲ್ಲಿ ಗೆದ್ದು ಗಳಿಸುವ ರೊಕ್ಕವಿಲ್ಲ, ಸೋತು ಕಳೆಯುವ ರೊಕ್ಕವೂ ಇಲ್ಲ. ಆದರೆ ಗೆನ್‌ಶಿನ್ ಇಂಪ್ಯಾಕ್ಟ್‌ನಂಥ ಕೆಲವು ಆಟಗಳಲ್ಲಿ ಹೊಸ ಪಾತ್ರಗಳನ್ನು ಲಾಟರಿಯ ರೀತಿ ಅದೃಷ್ಟಕ್ಕೆ ಬಿಟ್ಟು ಪಡೆಯುವ ಏರ್ಪಾಡಿದೆ. ಪಾಲಕರು ಕಣ್ಣಿಡಬೇಕಾದದ್ದು ಅಂಥಲ್ಲಿ.

ತಪ್ಪು ಕಲ್ಪನೆ 2: ‘ಎಲ್ಲಾ ಗೇಮೂ ಪಬ್ಜಿನಽ, ಬರೀ ಗುಂಡು ಹಾರಿಸೋದು.’

ಸತ್ಯ: ಪಬ್ಜಿಯಲ್ಲಿ ಕೊನೆಯವರೆಗೆ ಉಳಿದವನು ಗೆದ್ದ, ಅಲ್ಲಿಗೆ ಆಟ ಮುಗಿಯಿತು. 2019ರ ‘ಡಿಸ್ಕೊ ಎಲಿಸಿಯಂ’ನಲ್ಲಿ ನೀವು ನೆನಪು ಕಳೆದುಕೊಂಡ ಪತ್ತೇದಾರ. ಕೊಲೆಯೊಂದರ ಜಾಡು ಹಿಡಿಯಲು ಇರುವ ದಾರಿ ಮಾತುಕತೆ. ನಾಯಕನ 24 ಗುಣಗಳು ಅವನ ತಲೆಯೊಳಗೆ ತಂತಮ್ಮ ದನಿಯಲ್ಲಿ ವಾದಿಸುತ್ತವೆ. 2015ರ ‘ಅಂಡರ್‌ಟೇಲ್’ ಅನ್ನು ಒಬ್ಬರನ್ನೂ ಕೊಲ್ಲದೆ ಮುಗಿಸಬಹುದು. ಎದುರಾಳಿಯನ್ನು ಅರಿತು ಬಿಟ್ಟುಬಿಡುವ ಜಾಣ್ಮೆಯೇ ಅದರ ಜೀವಾಳ.

ತಪ್ಪು ಕಲ್ಪನೆ 3: ‘ಏನು ಆರಿಸಿದರೂ ಕಥೆ ಒಂದೇ, ಆಯ್ಕೆ ಬರೀ ತೋರಿಕೆ.’

ಸತ್ಯ: ಬರೆದವರು ಬರೆದಿಟ್ಟಷ್ಟೇ ಕವಲುಗಳಿರುತ್ತವೆ, ಹಲವು ಕವಲು ಮುಂದೆ ಕೂಡಿಕೊಳ್ಳುತ್ತವೆ ಎಂಬುದು ನಿಜ. ಆದರೂ ಆಯ್ಕೆಯ ಭಾರ ಹುಸಿಯಲ್ಲ. ಪೋಲೆಂಡಿನ ಲೇಖಕ ಆಂದ್ಜೆಯ್ ಸಪ್ಕೋವ್ಸ್ಕಿಯ ಕಥಾಲೋಕವನ್ನು ಆಧರಿಸಿ 2015ರಲ್ಲಿ ಬಂದ ‘ದ ವಿಚರ್ 3’ರಲ್ಲಿ ಮರದಡಿ ಸೆರೆಯಾದ ಆತ್ಮವೊಂದಿದೆ. ಅದನ್ನು ಬಿಡಿಸಿದರೆ ಜೌಗಿನ ಅನಾಥ ಮಕ್ಕಳು ಉಳಿಯುತ್ತಾರೆ. ಆದರೆ ಆ ಸೀಮೆಯ ಒಡೆಯ ಬ್ಯಾರನ್‌ನ ಹೆಂಡತಿ ಅನ್ನಾ ಸಾಯುತ್ತಾಳೆ, ಅವನು ನೇಣಿಗೆ ಶರಣಾಗುತ್ತಾನೆ. ಆತ್ಮವನ್ನು ಕೊಂದರೆ ಅನ್ನಾ ಬುದ್ಧಿ ಕಳೆದುಕೊಂಡರೂ ಬದುಕುತ್ತಾಳೆ, ಮಕ್ಕಳು ಉಳಿಯುವುದಿಲ್ಲ. ಪೂರ್ತಿ ಸರಿಯಾದ ದಾರಿ ಎಂಬುದೇ ಅಲ್ಲಿಲ್ಲ. ಕಾದಂಬರಿ ಓದುವಾಗ ನಾಯಕನ ನಿರ್ಧಾರವನ್ನು ನಾವು ಹೊರಗೆ ನಿಂತು ತೂಗುತ್ತೇವೆ. ಇಲ್ಲಿ ಆ ನಿರ್ಧಾರ ನಮ್ಮದೇ, ಅದಕ್ಕೆ ಉತ್ತರ ಹೇಳಬೇಕಾದವರೂ ನಾವೇ. ಈ ಹೊಣೆಯನ್ನು ಇಷ್ಟು ನೇರವಾಗಿ ಹೊರಿಸುವ ಮತ್ತೊಂದು ಕಥನ ಪ್ರಕಾರವನ್ನು ನಾನು ಕಂಡಿಲ್ಲ.

ತಪ್ಪು ಕಲ್ಪನೆ 4: ‘ಇದು ಪರದೇಶದ ಸರಕು, ನಮ್ಮ ಮಣ್ಣಿನದಲ್ಲ.’

ಸತ್ಯ: ಇಂದಿನ ಆರ್‌ಪಿಜಿಗಳ ನಿಯಮಗಳ ಮೂಲ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕೂತು, ಒಬ್ಬ ಕಥೆ ನಡೆಸುತ್ತ, ಉಳಿದವರು ಪಾತ್ರವಾಗಿ ಅಲ್ಲಲ್ಲೇ ಮಾತು ಹೊಸೆಯುವ ಆಟವದು. ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದ ಬಾಗಲಕೋಟೆ ಸೀಮೆಯವರಿಗೆ ಈ ಬಗೆ ಹೊಸದೇ? ಭಾಗವತ ಕೆಣಕಿ ಪ್ರಶ್ನೆ ಹಾಕುತ್ತಾನೆ, ಸತ್ಯಭಾಮೆ ಆ ಗಳಿಗೆಗೆ ಹೊಳೆದ ಮಾತಿನಲ್ಲಿ ತಿರುಗೇಟು ಕೊಡುತ್ತಾಳೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ತ್ರಿಪದಿಯಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನವಂತೂ ಒಬ್ಬ ಮನುಷ್ಯನನ್ನು ಅವನು ಯಾರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಿಂದಲೇ ಚಿತ್ರಿಸುತ್ತದೆ: ಒಳ್ಳೆಯವರಿಗೆ ಒಳ್ಳೆಯವನು, ಕಾಡಿದವರಿಗೆ ಕಠಿಣ. ಆರ್‌ಪಿಜಿಯ ಪಾತ್ರವೂ ಹುಟ್ಟುವುದು ಹೀಗೆಯೇ.

ತಪ್ಪು ಕಲ್ಪನೆ 5: ‘ಆಡಿದರೆ ಚಟ ಹಿಡಿದೇ ಹಿಡಿಯುತ್ತದೆ.’

ಸತ್ಯ: ಗೇಮಿಂಗ್ ವ್ಯಸನ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ಸಂಬಂಧಗಳು ಹಿಂದೆ ಬಿದ್ದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ಅದು ಕಾಯಿಲೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಬಹುತೇಕ ಕಥೆಯ ಗೇಮ್‌ಗಳಿಗೆ ಒಂದು ಕೊನೆಯಿದೆ. ನಡುವೆ ಸೇವ್ ಮಾಡಿ ಏಳಬಹುದು.

ನಿಜವಾದ ಕೊರತೆ ಬೇರೆಯೇ ಇದೆ. ‘ವಿಚರ್’, ‘ಡಿಸ್ಕೊ ಎಲಿಸಿಯಂ’ ಕನ್ನಡದಲ್ಲಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ ಎಂಬ ಸಾಹಸದ ಆಟದಲ್ಲಿ ಭಾರತದ ಪುರಾಣಗಳನ್ನು ತಂದು ತೋರಿಸಿತು. ಅಂಥ ಕೆಲಸ ನಮ್ಮಲ್ಲೂ ಆಗಬೇಕು. ಕವಲೊಡೆಯುವ ಕಥೆ ಹೆಣೆಯಲು ‘ಟ್ವೈನ್’ ಎಂಬ ಉಚಿತ ಸಾಧನವಿದೆ. ಕೋಡಿಂಗ್ ಬಾರದವರೂ ಅದರಲ್ಲಿ ಕನ್ನಡದಲ್ಲೇ ಬರೆಯಬಹುದು. ವಸ್ತುವಿಗೆ ಬರವಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ನುಗ್ಗಿದಾಗ ನವನಗರಕ್ಕೆ ಹೊರಟ ನೇಕಾರರ ಮನೆಯೊಂದನ್ನು ತೆಗೆದುಕೊಳ್ಳಿ: ಮೊದಲು ಹೊರಡುವವರು ಯಾರು, ಪರಿಹಾರದ ಹಣ ಹಂಚುವವರು ಯಾರು, ಮಗ್ಗ ಬಿಚ್ಚುವುದೋ ಮಾರುವುದೋ? ಇಲ್ಲಿಯ ಜನರಿಗೆ ಇವು ಗೊತ್ತಿರುವ ಪ್ರಶ್ನೆಗಳೇ. ಅವನ್ನು ಆಡುವವರ ಕೈಗೆ ಕೊಡುವ ಮೊದಲ ಕನ್ನಡ ಆಟವನ್ನು ಇಳಕಲ್ಲಿನಲ್ಲೋ ಹುನಗುಂದದಲ್ಲೋ ಕೂತು ಬರೆಯಲು ಸಾಧ್ಯ. ಮಕ್ಕಳಿಗೆ ಆ ಅವಕಾಶ ಸಿಗಬೇಕಾದರೆ ಮನೆಯವರು ಅವರ ಪಕ್ಕ ಕೂತು, ‘ಕಥಿ ಎಲ್ಲಿಗೆ ಬಂತು?’ ಎಂದು ಕೇಳುವುದರಿಂದ ಶುರುಮಾಡಲಿ.