ಕಮ್ಯಾರೊ ಕಾರಿಗೆ ಗಟ್ಟಿ ಆಕ್ಸಲ್

ಷೆವ್ರೊಲೆ ಕಮ್ಯಾರೊ ಕಾರಿನ ನಾಲ್ಕನೆಯ ತಲೆಮಾರು 1993ರಿಂದ 2002ರವರೆಗೆ ಕೆನಡಾದ ಕ್ವಿಬೆಕ್ ಪ್ರಾಂತದ ಸೇಂಟ್ ತೆರೇಸ್ ಕಾರ್ಖಾನೆಯಲ್ಲಿ ತಯಾರಾಯಿತು. 1998ರಲ್ಲಿ ಅದರ ಝಡ್28 ಮಾದರಿಗೆ ಎಲ್‌ಎಸ್1 ಎಂಬ 5.7 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್ ಬಂತು. ಅದರ ತಾಕತ್ತು 305 ಅಶ್ವಶಕ್ತಿ, ಟಾರ್ಕ್ ಸುಮಾರು 454 ನ್ಯೂಟನ್ ಮೀಟರ್. ಎಂಜಿನ್ ಹೊಸದಾದರೂ ಹಿಂದಿನ ಆಕ್ಸಲ್ ಹಳೆಯದೇ ಉಳಿಯಿತು. ಆರು ಸಿಲಿಂಡರಿನ ಸಾಧಾರಣ ಕಮ್ಯಾರೊಗೆ ಇದ್ದ 7.625 ಇಂಚು ವ್ಯಾಸದ ಕ್ರೌನ್ ಎಂಬ ಹಲ್ಲುಚಕ್ರವಿರುವ ಆಕ್ಸಲನ್ನೇ ಇದಕ್ಕೂ ಕೊಟ್ಟರು. ಹಿಂಬದಿಯ ಮುಚ್ಚಳಕ್ಕೆ ಹತ್ತು ಬೋಲ್ಟ್ ಇರುವುದರಿಂದ ಅಮೆರಿಕದ ಗ್ಯಾರೇಜುಗಳಲ್ಲಿ ಇದರ ಹೆಸರು ಟೆನ್ ಬೋಲ್ಟ್. ಕಾರ್ಖಾನೆಯಿಂದ ಬಂದ ಹಾಗೆಯೇ ಓಡಿಸುವವರಿಗೆ ಇದರಿಂದ ತೊಂದರೆಯಿಲ್ಲ. ಕಾರನ್ನು ಡ್ರ್ಯಾಗ್ ರೇಸಿಗೆ ಒಯ್ಯುವವರು ಮಾತ್ರ ಒಂದಲ್ಲ ಒಂದು ದಿನ ಇದನ್ನು ಬಿಚ್ಚಿ ಹೊರಗಿನ ಕಂಪನಿಯ ಆಕ್ಸಲ್ ಕೂರಿಸಬೇಕಾಗುತ್ತದೆ.

ಲಾರಿಯ ಹಿಂದಿನ ಚಕ್ರಗಳ ನಡುವೆ ಕಾಣುವ ದುಂಡನೆಯ ಉಬ್ಬು ಎಲ್ಲರೂ ನೋಡಿರುವಂಥದ್ದು. ಕಮ್ಯಾರೊ ಅಡಿಯಲ್ಲಿರುವುದೂ ಅದೇ ಜಾತಿಯ ಏರ್ಪಾಡು: ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಹೌಸಿಂಗ್ ಹಿಡಿದಿರುತ್ತದೆ, ನಡುವಿನ ಉಬ್ಬಿನೊಳಗೆ ದೊಡ್ಡ ಹಲ್ಲುಚಕ್ರವಾದ ಕ್ರೌನ್, ಚಿಕ್ಕದಾದ ಪಿನಿಯನ್ ಮತ್ತು ಡಿಫರೆನ್ಶಿಯಲ್ ಇರುತ್ತವೆ. ಗೇರ್‌ಬಾಕ್ಸಿನಿಂದ ಬಂದ ಪ್ರೊಪೆಲ್ಲರ್ ಶಾಫ್ಟ್ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 12 ಹಲ್ಲು ಇದ್ದರೆ ಅನುಪಾತ 3.42. ಮ್ಯಾನ್ಯುಯಲ್ ಗೇರಿನ ಝಡ್28ಗೆ ಇದ್ದದ್ದು ಇದೇ.

ಆಕ್ಸಲ್ ಮುರಿಯುವುದು ಏಕೆಂಬುದಕ್ಕೆ ಒಂದು ಗುಣಾಕಾರ ಸಾಕು. ಎಂಜಿನ್ನಿನ 454 ನ್ಯೂಟನ್ ಮೀಟರನ್ನು ಮೊದಲ ಗೇರು 2.66 ಪಟ್ಟು ಮಾಡುತ್ತದೆ, ಕ್ರೌನ್ ಪಿನಿಯನ್ 3.42 ಪಟ್ಟು ಮಾಡುತ್ತದೆ. ಆಕ್ಸಲ್ ಶಾಫ್ಟುಗಳ ಪಾಲಿಗೆ ಬರುವ ಹೊತ್ತಿಗೆ ಅದು 4,100 ನ್ಯೂಟನ್ ಮೀಟರ್ ದಾಟಿರುತ್ತದೆ. ಸಾಮಾನ್ಯ ಟೈರ್ ಇದ್ದರೆ ಅಷ್ಟು ಬಲ ಬಂದಾಗ ಚಕ್ರ ಜಾರಿ ಸುತ್ತುತ್ತದೆ, ಹಾಗಾಗಿ ಹಲ್ಲುಗಳು ಉಳಿದುಕೊಳ್ಳುತ್ತವೆ. ರೇಸಿನ ಅಂಟು ಟೈರ್ ಹಾಕಿ, ಎಂಜಿನ್ ರೇಗಿಸಿ, ಒಮ್ಮೆಗೇ ಕ್ಲಚ್ ಬಿಟ್ಟರೆ ಜಾರುವ ದಾರಿಯೂ ಮುಚ್ಚಿಹೋಗುತ್ತದೆ. ಆಗ ಬೀಳುವ ಪೆಟ್ಟು ಲೆಕ್ಕದ ಟಾರ್ಕಿಗಿಂತ ದೊಡ್ಡದು. ಆಟೊಮ್ಯಾಟಿಕ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರಿನ ಎಣ್ಣೆ ಈ ಹೊಡೆತವನ್ನು ಸ್ವಲ್ಪ ಮೆತ್ತಗಾಗಿಸುವುದರಿಂದ ಅವುಗಳ ಟೆನ್ ಬೋಲ್ಟ್ ಇನ್ನಷ್ಟು ಕಾಲ ಬಾಳುತ್ತದೆ.

ಮುರಿತ ಶುರುವಾಗುವುದು ಸಾಮಾನ್ಯವಾಗಿ ಹಲ್ಲುಗಳಲ್ಲಿ. ಪಿನಿಯನ್ ಮತ್ತು ಕ್ರೌನ್ ಭಾರ ಹೆಚ್ಚಿದಷ್ಟೂ ಒಂದನ್ನೊಂದು ದೂರ ತಳ್ಳುತ್ತವೆ. ಹೌಸಿಂಗ್ ತೆಳುವಾಗಿದ್ದರೆ ಅದು ಕೂದಲೆಳೆಯಷ್ಟು ಬಾಗುತ್ತದೆ. ಹಲ್ಲಿನ ನಡುವೆ ಬೀಳಬೇಕಾದ ಭಾರ ತುದಿಗೆ ಬಿದ್ದು, ತುದಿ ಚಕ್ಕೆ ಏಳುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ಅಪಾಯಕಾರಿ. ಈ ಆಕ್ಸಲಿನಲ್ಲಿ ಶಾಫ್ಟನ್ನು ಹೊರಕ್ಕೆ ಜಾರದಂತೆ ಹಿಡಿಯುವುದು ಡಿಫರೆನ್ಶಿಯಲಿನೊಳಗೆ ಕೂತ ಸಿ ಆಕಾರದ ಒಂದು ಕ್ಲಿಪ್. ಶಾಫ್ಟ್ ನಡುವೆ ತುಂಡಾದರೆ ಹೊರಗಿನ ತುಂಡಿಗೆ ಹಿಡಿತವೇ ಇರುವುದಿಲ್ಲ, ಅದು ಚಕ್ರದ ಸಮೇತ ಹೊರಬರಬಹುದು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ, ಕಾಲು ಮೈಲಿಯನ್ನು 10.99 ಸೆಕೆಂಡು ಅಥವಾ ಅದಕ್ಕೂ ಬೇಗ ಓಡುವ ಕಾರಿಗೆ ಬೇರೆ ಬಗೆಯ ಹಿಡಿತ ಕಡ್ಡಾಯ ಮಾಡಿರುವುದು ಇದಕ್ಕಾಗಿ.

ಬದಲಿಗೆ ಹಾಕುವ ಆಕ್ಸಲ್‌ಗಳಲ್ಲಿ ಎರಡು ಹೆಸರು ಹೆಚ್ಚು ಚಲಾವಣೆಯಲ್ಲಿವೆ. ಒಂದು ಟ್ವೆಲ್ವ್ ಬೋಲ್ಟ್. ಜನರಲ್ ಮೋಟರ್ಸ್ 1960ರ ದಶಕದಲ್ಲಿ ತನ್ನ ಬಲಶಾಲಿ ಕಾರುಗಳಿಗೆ ಕೊಟ್ಟಿದ್ದ ಈ ವಿನ್ಯಾಸವನ್ನು ಈಗ ಮೋಸರ್, ಸ್ಟ್ರೇಂಜ್ ಮುಂತಾದ ಕಂಪನಿಗಳು ಹೊಸದಾಗಿ ಎರಕ ಹೊಯ್ದು ಮಾರುತ್ತವೆ. ಇದರ ಕ್ರೌನ್ 8.875 ಇಂಚು. ಎರಡನೆಯದು ನೈನ್ ಇಂಚ್. ಇದನ್ನು 1957ರಲ್ಲಿ ತಂದದ್ದು ಫೋರ್ಡ್. ಷೆವ್ರೊಲೆ ಅಭಿಮಾನಿಗಳು ಎಷ್ಟೇ ಮೂಗು ಮುರಿದರೂ ರೇಸಿನಲ್ಲಿ ಈ ಪ್ರತಿಸ್ಪರ್ಧಿಯ ಆಕ್ಸಲನ್ನೇ ಹಾಕಿಕೊಳ್ಳುವುದುಂಟು. ಅದಕ್ಕೆ ಕಾರಣ ಎರಡು. ಬೇರೆ ಆಕ್ಸಲ್‌ಗಳಲ್ಲಿ ಪಿನಿಯನ್ ತಲೆಗೆ ಹಿಂದಿನಿಂದ ಮಾತ್ರ ಬೇರಿಂಗ್ ಆಸರೆ, ಇಲ್ಲಿ ತಲೆಯ ಆಚೆಗೂ ಒಂದು ಬೇರಿಂಗ್ ಇದೆ, ಪಿನಿಯನ್ ಪಕ್ಕಕ್ಕೆ ಸರಿಯಲಾರದು. ಜೊತೆಗೆ ಕ್ರೌನ್ ಪಿನಿಯನ್ ಇಡೀ ಜೋಡಣೆ ಮುಂಭಾಗದಿಂದ ಒಂದೇ ಗಂಟಾಗಿ ಹೊರಬರುತ್ತದೆ. ಬೇರೆ ಅನುಪಾತದ ಇನ್ನೊಂದು ಗಂಟನ್ನು ಸಿದ್ಧವಿಟ್ಟುಕೊಂಡರೆ ರೇಸಿನ ಅಂಗಳದಲ್ಲೇ ಬದಲಿಸಬಹುದು. ಇಲ್ಲಿ ಪಿನಿಯನ್ ಕ್ರೌನಿನ ಮಧ್ಯರೇಖೆಗಿಂತ ಬಹಳ ಕೆಳಗಿರುವುದರಿಂದ ಹಲ್ಲುಗಳ ನಡುವೆ ಉಜ್ಜಾಟ ಜಾಸ್ತಿ, ಶಕ್ತಿ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ದಿನವೂ ರಸ್ತೆಗಿಳಿದು ಆಗೊಮ್ಮೆ ಈಗೊಮ್ಮೆ ರೇಸಿಗೆ ಹೋಗುವ ಕಾರಿಗೆ ಟ್ವೆಲ್ವ್ ಬೋಲ್ಟ್ ಧಾರಾಳವಾಗಿ ಸಾಕು. ನೈನ್ ಇಂಚ್ ಬೇಕೆನ್ನುವವರಲ್ಲಿ ಅನೇಕರಿಗೆ ಬೇಕಾಗಿರುವುದು ಅದರ ಹೆಸರು.

ಯಾವುದನ್ನು ಕೊಂಡರೂ ಶಾಫ್ಟಿನ ದಪ್ಪ, ಅನುಪಾತ ಎರಡನ್ನೂ ಮೊದಲೇ ತೀರ್ಮಾನಿಸಬೇಕು. ತಿರುಚುವ ಬಲ ತಡೆಯುವ ಶಕ್ತಿ ಶಾಫ್ಟಿನ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ, ವ್ಯಾಸ ಶೇ. 15ರಷ್ಟು ಹೆಚ್ಚಿದರೆ ಬಲ ಒಂದೂವರೆ ಪಟ್ಟಾಗುತ್ತದೆ. ಅನುಪಾತದ ವಿಷಯದಲ್ಲಿ ಆಸೆ ಹೆಚ್ಚಾಗುವುದು ಸಹಜ, 4.10 ಹಾಕಿದರೆ ಕಾರು ಚಿಮ್ಮುತ್ತದೆ. ಆದರೆ 3.42ರ ಪಿನಿಯನ್ನಿಗೆ 12 ಹಲ್ಲಾದರೆ 4.10ಕ್ಕೆ ಸಾಮಾನ್ಯವಾಗಿ 10 ಮಾತ್ರ. ಕ್ರೌನ್ ಅಷ್ಟೇ ಇದ್ದು ಪಿನಿಯನ್ ಸಣ್ಣದಾಗುತ್ತದೆ, ಜೋಡಿಯ ತಾಳಿಕೆ ಕುಗ್ಗುತ್ತದೆ.

ಹಳೆಯದನ್ನು ಇಳಿಸುವುದು ಕಷ್ಟದ ಕೆಲಸವಲ್ಲ. ಕಾರಿನ ಮೈಯನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಆಕ್ಸಲನ್ನು ಜ್ಯಾಕಿನ ಮೇಲೆ ಹೊತ್ತು, ಬ್ರೇಕ್ ಪೈಪು, ಹ್ಯಾಂಡ್ ಬ್ರೇಕಿನ ಕೇಬಲ್, ಪ್ರೊಪೆಲ್ಲರ್ ಶಾಫ್ಟ್, ಶಾಕ್ ಅಬ್ಸಾರ್ಬರ್ ಬಿಚ್ಚಿ ಇಳಿಸಿದರೆ ಸ್ಪ್ರಿಂಗುಗಳು ತಾವೇ ಸಡಿಲಾಗುತ್ತವೆ. ಕಮ್ಯಾರೊದಲ್ಲಿ ಗಮನಿಸಬೇಕಾದದ್ದು ಟಾರ್ಕ್ ಆರ್ಮ್. ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುವ ಈ ಉದ್ದನೆಯ ತೋಳಿನ ಒಂದು ತುದಿ ಹೌಸಿಂಗಿಗೆ, ಇನ್ನೊಂದು ತುದಿ ಗೇರ್‌ಬಾಕ್ಸಿನ ಬಾಲಕ್ಕೆ ಸೇರಿರುತ್ತದೆ. ಹೊಸ ಹೌಸಿಂಗಿನಲ್ಲಿ ಇದಕ್ಕೆ ತಕ್ಕ ಜಾಗವಿದೆಯೇ ಎಂದು ಕೊಳ್ಳುವ ಮುನ್ನ ನೋಡಬೇಕು. ಎಂಜಿನ್ ಬಲ ತುಂಬ ಹೆಚ್ಚಿಸಿದವರು ಗೇರ್‌ಬಾಕ್ಸಿನ ಕವಚ ಸೀಳದಿರಲೆಂದು ತೋಳಿನ ಮುಂತುದಿಯನ್ನು ಅಡ್ಡಪಟ್ಟಿಗೆ ಬದಲಾಯಿಸುತ್ತಾರೆ.

ಕೂರಿಸುವಾಗ ಹೊಸಬರು ಎಡವುವ ಜಾಗ ರಬ್ಬರ್ ಬುಷ್. ಆಕ್ಸಲ್ ನೇತಾಡುತ್ತಿರುವಾಗಲೇ, ಅದನ್ನು ಕಾರಿನ ಮೈಗೆ ಜೋಡಿಸುವ ಕಂಟ್ರೋಲ್ ಆರ್ಮಿನ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಕಾರು ಕೆಳಗಿಳಿದಾಗ ಬುಷ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಆಕ್ಸಲ್ ಮೇಲೆ ಕಾರಿನ ಭಾರ ಬಿದ್ದ ನಂತರವೇ ಕೊನೆಯ ಬಿಗಿತ. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಅಳೆಯುವುದೂ ಆಗಲೇ. ಹೊಸ ಆಕ್ಸಲಿನ ಮೂತಿ ಹಳೆಯದರಷ್ಟೇ ಉದ್ದವಿರುತ್ತದೆಂಬ ಖಾತರಿಯಿಲ್ಲ, ಗೇರ್‌ಬಾಕ್ಸಿನೊಳಗೆ ಜಾರುವ ತುದಿಗೆ 20ರಿಂದ 25 ಮಿಲಿಮೀಟರ್ ಆಡಲು ಜಾಗ ಬೇಕು. ವೇಗ ಕೂಡಿಸಿದಾಗ ಪಿನಿಯನ್ ಮೂತಿ ಮೇಲೇಳುವುದರಿಂದ ಅದನ್ನು ಒಂದೆರಡು ಡಿಗ್ರಿ ಕೆಳಮುಖವಾಗಿ ಇಡುತ್ತಾರೆ. ಕೋನ ತಪ್ಪಿದರೆ ಹೆದ್ದಾರಿಯ ವೇಗದಲ್ಲಿ ಸೀಟಿನಡಿ ನಡುಕ ಶುರುವಾಗುತ್ತದೆ. ಕೊನೆಗೆ ಬ್ರೇಕಿನ ಗಾಳಿ ತೆಗೆಯಬೇಕು.

ಕ್ರೌನ್ ಪಿನಿಯನ್ ಹೊಂದಿಸುವುದು ಕೈಚಳಕದ ಭಾಗ. ಅನೇಕರು ಕಂಪನಿಯೇ ಹೊಂದಿಸಿಕೊಟ್ಟ ಆಕ್ಸಲ್ ಕೊಳ್ಳುವುದು ಇದನ್ನು ತಪ್ಪಿಸಿಕೊಳ್ಳಲು, ಅದು ಜಾಣತನವೇ. ತಾವೇ ಮಾಡುವವರು ಮೊದಲು ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಶಿಮ್ ಎಂಬ ತೆಳು ಬಿಲ್ಲೆಗಳಿಂದ ಗೊತ್ತುಮಾಡಿ, ಬೇರಿಂಗಿನ ಬಿಗಿತವನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಎರಡು ಹಲ್ಲುಗಳ ನಡುವಿನ ಪ್ಲೇ. ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಹಲ್ಲಿಗೆ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಹಿಂದೆ ಮುಂದೆ ಆಡಿಸಿದರೆ ಮುಳ್ಳು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ತೋರಿಸಬೇಕು. ಬಳಿಕ ಹಲ್ಲುಗಳಿಗೆ ಹಳದಿ ಬಣ್ಣದ ಲೇಪ ಬಳಿದು ತಿರುಗಿಸುತ್ತಾರೆ. ಲೇಪ ಅಳಿಸಿದ ಗುರುತು ಹಲ್ಲಿನ ಬುಡಕ್ಕೂ ಹೋಗದೆ ತುದಿಗೂ ಹೋಗದೆ ನಡುವೆ ಬಿದ್ದಿರಬೇಕು. ಬುಡಕ್ಕೆ ಬಿದ್ದಿದ್ದರೆ ಪಿನಿಯನ್ ಹೆಚ್ಚು ಆಳಕ್ಕೆ ಹೋಗಿದೆ ಎಂದರ್ಥ. ಎಲ್ಲ ಬಿಚ್ಚಿ, ಬೇರೆ ದಪ್ಪದ ಶಿಮ್ ಹಾಕಿ, ಮತ್ತೆ ಮೊದಲಿಂದ.

ಅನುಪಾತ ಬದಲಾದರೆ ಸ್ಪೀಡೊಮೀಟರ್ ಸುಳ್ಳು ಹೇಳುತ್ತದೆ. ಈ ಕಾರು ವೇಗವನ್ನು ಗೇರ್‌ಬಾಕ್ಸಿನ ಹೊರಶಾಫ್ಟಿನ ಸುತ್ತುಗಳಿಂದ ಲೆಕ್ಕ ಹಾಕುವುದರಿಂದ, 3.42ರಿಂದ 4.10ಕ್ಕೆ ಹೋದಾಗ ನಿಜವಾದ 100 ಕಿ.ಮೀ. ವೇಗ 120 ಎಂದು ಕಾಣುತ್ತದೆ. ಎಂಜಿನ್ ಕಂಪ್ಯೂಟರಿಗೆ ಹೊಸ ಅಂಕಿ ತುಂಬಿದರೆ ಸರಿಹೋಗುತ್ತದೆ. ಎಬಿಎಸ್ ಬೇಕೆನ್ನುವವರು ಸಂವೇದಕಕ್ಕೆ ಬೇಕಾದ ಹಲ್ಲಿನ ಉಂಗುರ ಹೊಸ ಆಕ್ಸಲಿನಲ್ಲಿದೆಯೇ ಎಂದು ಆರ್ಡರ್ ಕೊಡುವಾಗಲೇ ಕೇಳಬೇಕು.

ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ವಿಪರೀತ ಬಿಸಿಯಾಗುತ್ತವೆ. ಆದ್ದರಿಂದ ಮೊದಲ ಓಟ ಇಪ್ಪತ್ತು ಮೂವತ್ತು ಕಿಲೋಮೀಟರ್ ಮಾತ್ರ. ನಿಧಾನವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಇದನ್ನು ಕೆಲವು ಸಲ ಮಾಡಬೇಕು. ಸುಮಾರು 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸುತ್ತಾರೆ. ಇಳಿಸಿದ ಎಣ್ಣೆಯಲ್ಲಿ ನುಣ್ಣನೆಯ ಬೂದು ಪುಡಿ ಕಂಡರೆ ಗಾಬರಿಯಿಲ್ಲ, ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಮುಚ್ಚಳ ತೆಗೆದು ನೋಡಲೇಬೇಕು. ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ಕೇಳುವ ಊಳು ಹಲ್ಲುಗಳ ಹೊಂದಾಣಿಕೆ ತಪ್ಪಿದ್ದರ ಸೂಚನೆ. ಎರಡೂ ಹೊತ್ತಿನಲ್ಲಿ ಒಂದೇ ಸಮ ಕೇಳುವ ಗೊರಗೊರ ಸದ್ದಿಗೆ ಬೇರಿಂಗನ್ನು ಮೊದಲು ನೋಡುತ್ತಾರೆ.