‘ನನಗೆಂತ ಗೊತ್ತುಂಟು’ ಎನ್ನುವವರ ಬಳಿ ಇರುವ ಅರಿವು

ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ‘ನನಗೆಂತ ಗೊತ್ತುಂಟು, ನಾನು ಕಲಿತವಳಲ್ಲ’ ಅಂತ. ಶಾಲೆಯಲ್ಲಿ ಹೆತ್ತವರ ಸಭೆ ಇದೆ ಎಂದರೆ ಉಮ್ಮ ಹೇಳುವುದು ಇದನ್ನೇ. ಬ್ಯಾಂಕಿನಲ್ಲಿ ಚೀಟಿ ತುಂಬಿಸಿ ಎಂದರೆ ಅಜ್ಜ ಹೇಳುವುದೂ ಇದನ್ನೇ. ಮಗುವನ್ನು ಮದ್ರಸಕ್ಕೆ ಸೇರಿಸಲು ಬರುವವರಲ್ಲಿಯೂ ಕೆಲವರು ಬಾಗಿಲ ಹೊರಗೇ ನಿಂತು, ‘ಉಸ್ತಾದ್, ನಮಗೆ ಇದೆಲ್ಲ ಗೊತ್ತಾಗುವುದಿಲ್ಲ, ನೀವೇ ನೋಡಿಕೊಳ್ಳಿ’ ಅನ್ನುತ್ತಾರೆ.

ಮೇಲ್ನೋಟಕ್ಕೆ ಇದು ವಿನಯದ ಮಾತು. ಆದರೆ ಅದನ್ನು ಹೇಳುವಾಗ ಅವರ ಮುಖ ನೋಡಿ. ಹೆಚ್ಚಿನವರ ಕಣ್ಣು ಕೆಳಗೆ ಇರುತ್ತದೆ. ಅದು ನಾಚಿಕೆ. ತನಗೆ ಗೊತ್ತಿಲ್ಲ ಎಂಬ ಕಾರಣಕ್ಕೆ ತಾನೇ ಕಡಿಮೆಯವನು ಎಂದು ಮನುಷ್ಯ ತನ್ನ ಮೇಲೆ ತಾನೇ ಬರೆದುಕೊಂಡ ತೀರ್ಪು. ಈ ನಾಚಿಕೆಯನ್ನು ಎಂತ ಮಾಡಬೇಕು ಎಂಬುದು ದೊಡ್ಡ ಗ್ರಂಥದ ಪ್ರಶ್ನೆಯಲ್ಲ, ದಿನನಿತ್ಯದ ಬದುಕಿನ ಪ್ರಶ್ನೆ. ಇದಕ್ಕೆ ಒಂದು ಉತ್ತರ ನಮ್ಮ ಜಿಲ್ಲೆಯಲ್ಲಿಯೇ, ನೇತ್ರಾವತಿಯ ಆಚೆ ದಡದಲ್ಲಿಯೇ ಉಂಟು.

ಒಂದು ಕಿತ್ತಳೆಯ ಬೆಲೆ

ಹರೇಕಳ ಹಾಜಬ್ಬರ ಕಥೆ ನಮ್ಮವರಿಗೆ ಹೊಸತಲ್ಲ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬ್ಯಾರಿ, ತುಳು ಬಿಟ್ಟರೆ ಬೇರೆ ಭಾಷೆಯಲ್ಲಿ ವ್ಯವಹರಿಸಲು ಬಾರದ ಕಾಲದಲ್ಲಿ ವಿದೇಶಿ ಪ್ರವಾಸಿಗರು ಬಂದು ಇಂಗ್ಲಿಷಿನಲ್ಲಿ ಕಿತ್ತಳೆಯ ಬೆಲೆ ಕೇಳಿದರು. ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಹೊರಟುಹೋದರು. ಎಷ್ಟೋ ವರ್ಷದಿಂದ ತಾನು ಮಾರುತ್ತಿರುವ ಹಣ್ಣಿನ ಬೆಲೆಯನ್ನು ಹೇಳಲಾಗದೆ ನಿಂತ ಆ ನೋವನ್ನು ಅವರು ಮತ್ತೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಇಲ್ಲಿಯವರೆಗೆ ಇದು ಯಾರಿಗೂ ಆಗಬಹುದಾದ ಸಂಗತಿ. ನಮ್ಮಲ್ಲಿ ಎಷ್ಟೋ ಜನರಿಗೆ ಆಗಿದೆ. ಆಸ್ಪತ್ರೆಯ ಕೌಂಟರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಗಲ್ಫ್‌ನ ಅಂಗಡಿಗಳಲ್ಲಿ ಆಗಿದೆ. ಮುಂದೆ ಅವರು ಮಾಡಿದ್ದೇನು ಎಂಬುದು ಮುಖ್ಯ. ‘ನನಗೆ ಆದದ್ದು ನನ್ನ ಊರಿನ ಮಕ್ಕಳಿಗೆ ಆಗಬಾರದು’ ಎಂದು ತೀರ್ಮಾನಿಸಿದರು. ಅವರ ಊರು ಹರೇಕಳದ ನ್ಯೂಪಡ್ಪುವಿನಲ್ಲಿ ಆಗ ಶಾಲೆ ಇರಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಊರಿನ ಮದ್ರಸದಲ್ಲಿಯೇ 28 ಮಕ್ಕಳೊಂದಿಗೆ ತರಗತಿ ಶುರುವಾಯಿತು. ಮುಂದೆ ಜಾಗ ಸಿಕ್ಕಿತು, ಕಟ್ಟಡವಾಯಿತು, ಹೈಸ್ಕೂಲೂ ಬಂತು. ಹಣ್ಣು ಮಾರಿ ಉಳಿಸಿದ್ದನ್ನೂ ಪ್ರಶಸ್ತಿಯಿಂದ ಬಂದದ್ದನ್ನೂ ಅವರು ಆ ಶಾಲೆಗೇ ಹಾಕಿದರು.

2020ರ ಗಣರಾಜ್ಯೋತ್ಸವಕ್ಕೆ ಪದ್ಮಶ್ರೀ ಪ್ರಕಟವಾದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು ಎಂಬ ಸುದ್ದಿಯನ್ನು ದೇಶವೇ ಓದಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸಲು ಬರಿಗಾಲಲ್ಲಿಯೇ ನಡೆದುಹೋದರು. ಬಿಳಿ ಪಂಚೆ, ಬಿಳಿ ಅಂಗಿ. ಊರಿನಲ್ಲಿ ಹೇಗೆ ಇದ್ದಾರೋ ಹಾಗೆಯೇ.

ನಾಚಿಕೆಗೆ ಇರುವ ದಾರಿಗಳು

ಇದನ್ನು ನಾವು ‘ಬಡವನೊಬ್ಬ ಶಾಲೆ ಕಟ್ಟಿದ’ ಎಂದು ಓದಿ ಮುಗಿಸುತ್ತೇವೆ. ಸ್ವಲ್ಪ ನಿಧಾನ ಮಾಡಿ ನೋಡಬೇಕು. ಅವಮಾನವಾದ ಮನುಷ್ಯನ ಎದುರು ಸಾಧಾರಣವಾಗಿ ಮೂರು ದಾರಿ ಇರುತ್ತದೆ.

ಮೊದಲನೆಯದು ಮುಚ್ಚಿಡುವುದು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ತೋರಿಸುವುದು, ಅಥವಾ ಗೊತ್ತಿರುವವರ ಹತ್ತಿರ ಹೋಗುವುದನ್ನೇ ಬಿಡುವುದು. ಎರಡನೆಯದು ಅದನ್ನು ಮನೆಗೆ ಹೊತ್ತು ತರುವುದು. ಹೊರಗೆ ಯಜಮಾನನಿಂದ ಬೈಗುಳ ತಿಂದವನು ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೆಂಡತಿಗೆ ಬೈಯುತ್ತಾನೆ. ಹೆಂಡತಿ ಆ ಸಿಟ್ಟನ್ನು ಮಗುವಿನ ಬೆನ್ನಿನ ಮೇಲೆ ಇಳಿಸುತ್ತಾಳೆ. ಮಗು ಮದ್ರಸಕ್ಕೆ ಬಂದು ಪಕ್ಕದಲ್ಲಿ ಕೂತವನನ್ನು ಚಿವುಟುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಕಾರಣವಿಲ್ಲದೆ ಜಗಳ ಮಾಡುವ ಮಗುವನ್ನು ಹತ್ತಿರ ಕರೆದು ವಿಚಾರಿಸಿದರೆ ಹೆಚ್ಚಿನ ಸಲ ಹಿಂದಿನ ರಾತ್ರಿಯ ಮನೆಯ ಕಥೆಯೇ ಹೊರಗೆ ಬರುತ್ತದೆ. ಮಕ್ಕಳ ಜೊತೆ ಇಷ್ಟು ವರ್ಷ ಕಳೆದ ನಮಗೆ ಇದು ಚೆನ್ನಾಗಿ ಗೊತ್ತು.

ಮೂರನೆಯದು ಹಾಜಬ್ಬರು ಹಿಡಿದ ದಾರಿ. ನೋವನ್ನು ನೋವು ಎಂದೇ ಒಪ್ಪಿಕೊಂಡರು, ಆದರೆ ಅದಕ್ಕಾಗಿ ತನ್ನನ್ನು ತಾನು ಹಳಿದುಕೊಂಡು ಕೂರಲಿಲ್ಲ. ಅದೇ ನೋವಿನಿಂದ ಬೇರೆಯವರ ಕಷ್ಟ ಅವರಿಗೆ ಅರ್ಥವಾಯಿತು. ತನ್ನ ಕೊರತೆಯನ್ನು ಒಪ್ಪಿಕೊಂಡವನಿಗೆ ಮಾತ್ರ ಇನ್ನೊಬ್ಬನ ಕೊರತೆಯ ಮೇಲೆ ಕರುಣೆ ಹುಟ್ಟುತ್ತದೆ. ಮುಚ್ಚಿಟ್ಟವನಿಗೆ ಅದು ಕಷ್ಟ, ಯಾಕೆಂದರೆ ಬೇರೆಯವರ ತಪ್ಪು ಕಂಡಾಗೆಲ್ಲ ತನ್ನದು ನೆನಪಾಗಿ ಅವನಿಗೆ ಸಿಟ್ಟು ಬರುತ್ತದೆ.

ಇಲ್ಲಿ ಒಂದು ಸಂಶಯ ಬರಬಹುದು. ‘ನಾನು ಇಷ್ಟೇ’ ಎಂದು ಒಪ್ಪಿಕೊಂಡರೆ ಮನುಷ್ಯ ಸೋಮಾರಿ ಆಗುವುದಿಲ್ಲವಾ ಅಂತ. ಹಾಜಬ್ಬರು ತನ್ನನ್ನು ಒಪ್ಪಿಕೊಂಡರು, ಊರಿನಲ್ಲಿ ಶಾಲೆ ಇಲ್ಲದ್ದನ್ನು ಒಪ್ಪಿಕೊಳ್ಳಲಿಲ್ಲ. ಈ ಎರಡರ ವ್ಯತ್ಯಾಸ ನಮಗೆ ಗೊತ್ತಿರಬೇಕು. ನಾನು ನಿಂತಿರುವ ಜಾಗ ಇದು ಎಂದು ತಿಳಿದವನಿಗೇ ಮುಂದಿನ ಹೆಜ್ಜೆ ಎಲ್ಲಿ ಇಡಬೇಕೆಂದು ತಿಳಿಯುವುದು.

ಮದೀನಾದ ಮಾರುಕಟ್ಟೆಯ ಝಾಹಿರ್

ಕಿತ್ತಳೆ ಬುಟ್ಟಿಯ ಕಥೆ ಹೇಳುವಾಗ ನಮಗೆ ಇನ್ನೊಬ್ಬ ವ್ಯಾಪಾರಿ ನೆನಪಾಗುತ್ತಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಮರುಭೂಮಿಯಿಂದ ಸರಕು ತಂದು ಮದೀನಾದಲ್ಲಿ ಮಾರುತ್ತಿದ್ದ ಝಾಹಿರ್(ರ). ನೋಡಲು ಚಂದ ಇದ್ದವರಲ್ಲ. ಪಟ್ಟಣದ ಜನರ ನಡುವೆ ಹಳ್ಳಿಯವರು. ಒಂದು ದಿನ ಅವರು ಸರಕು ಮಾರುತ್ತಿರುವಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅಪ್ಪಿ ಹಿಡಿದರು. ಯಾರೆಂದು ತಿಳಿಯದೆ ಮೊದಲು ಬಿಡಿಸಿಕೊಳ್ಳಲು ನೋಡಿದವರು, ಗುರುತು ಸಿಕ್ಕಿದ ಮೇಲೆ ಆ ಎದೆಗೆ ಇನ್ನಷ್ಟು ಒರಗಿಕೊಂಡರು. ಈ ದಾಸನನ್ನು ಯಾರು ಕೊಳ್ಳುತ್ತೀರಿ ಎಂದು ಪ್ರವಾದಿವರ್ಯರು(ಸ) ತಮಾಷೆಗೆ ಕೂಗಿದರು. ನನ್ನನ್ನು ಮಾರಲು ಹೋದರೆ ನಿಮಗೆ ನಷ್ಟವೇ, ನನಗೆ ಯಾವ ಬೆಲೆಯೂ ಬರದು ಎಂಬ ಅರ್ಥದಲ್ಲಿ ಝಾಹಿರ್(ರ) ಉತ್ತರಿಸಿದರು. ಆದರೆ ಅಲ್ಲಾಹನ ಬಳಿ ನೀನು ಬೆಲೆಯುಳ್ಳವನು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅನಸ್(ರ) ಅವರಿಂದ ವರದಿಯಾದ ಘಟನೆ ಇದು.

ಝಾಹಿರ್‌ರ(ರ) ಆ ಉತ್ತರ ನಮ್ಮ ಉಮ್ಮಂದಿರ ‘ನನಗೆಂತ ಗೊತ್ತುಂಟು’ ಎಂಬ ಮಾತಿಗೆ ಎಷ್ಟು ಹತ್ತಿರ ಉಂಟು ನೋಡಿ. ಅದಕ್ಕೆ ಉಪದೇಶದ ಉತ್ತರ ಬರಲಿಲ್ಲ. ಮೊದಲು ಅಪ್ಪುಗೆ ಬಂತು, ನಂತರ ಮಾತು. ಅದೂ ಜನ ನೋಡುತ್ತಿರುವ ಪೇಟೆಯ ಮಧ್ಯದಲ್ಲಿ. ನಾವು ಮಕ್ಕಳಿಗೆ ನಾಲ್ಕು ಜನರ ಎದುರು ಬೈಯುತ್ತೇವೆ, ಹೊಗಳುವುದಿದ್ದರೆ ಮಾತ್ರ ಒಳಗೆ ಕರೆದು ಮೆಲ್ಲ ಹೇಳುತ್ತೇವೆ. ಅಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ.

ತಡವರಿಸಿ ಓದುವವರು

ನಮ್ಮ ಮೊಹಲ್ಲಾಗಳಲ್ಲಿ ಕುರ್‌ಆನ್ ಓದಲು ಬಾರದ ನಡುವಯಸ್ಸಿನವರು ಇದ್ದಾರೆ. ಸಣ್ಣದರಲ್ಲಿಯೇ ಹೋಟೆಲ್ ಕೆಲಸಕ್ಕೆ, ಮೀನಿನ ದಕ್ಕೆಗೆ, ಮುಂಬೈಗೆ ಹೋದವರು. ರಮಝಾನಿನಲ್ಲಿ ಎಲ್ಲರೂ ಮುಸ್‌ಹಫ್ ತೆರೆದು ಕೂತಾಗ ಇವರು ಮೂಲೆಯಲ್ಲಿ ತಸ್ಬೀಹ್ ಎಣಿಸುತ್ತಾರೆ. ಕಲಿಯುವ ಆಸೆ ಉಂಟು. ಆದರೆ ತನ್ನ ಮಗನ ಪ್ರಾಯದವನ ಎದುರು ಅಲಿಫ್, ಬಾ ಹೇಳುವುದು ಹೇಗೆ ಎಂಬ ಸಂಕೋಚ.

ಇಂಥವರಿಗೆ ಒಂದು ಹದೀಸಿನ ಸಾರ ನೆನಪಿಸಬೇಕು. ಆಯಿಶಾ(ರ) ಅವರಿಂದ ವರದಿಯಾದದ್ದು. ಸರಾಗವಾಗಿ ಓದುವವನ ಸ್ಥಾನ ದೊಡ್ಡದು, ಆದರೆ ಕಷ್ಟಪಟ್ಟು, ತಡವರಿಸಿ ಓದುವವನಿಗೆ ಎರಡು ಪ್ರತಿಫಲ ಎಂಬುದು ಅದರ ತಾತ್ಪರ್ಯ. ನಾಲಗೆ ಹೊರಳದ ಆ ಮನುಷ್ಯನ ಕಷ್ಟ ಕೂಡ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಇಶಾ ನಂತರ ಹಿರಿಯರಿಗಾಗಿ ಒಂದು ಸಣ್ಣ ತರಗತಿ ಪ್ರತಿ ಮಸೀದಿಯಲ್ಲೂ ಇದ್ದರೆ ಒಳ್ಳೆಯದು. ಅಲ್ಲಿ ಮಕ್ಕಳು ಇಣುಕಿ ನಗದ ಹಾಗೆ ನೋಡಿಕೊಳ್ಳುವುದು ಕಲಿಸುವವರ ಮೊದಲ ಕೆಲಸ.

ಉಮ್ಮನಿಗೆ ಗೊತ್ತಿರುವುದು

ಇನ್ನು ‘ಗೊತ್ತಿಲ್ಲ’ ಎನ್ನುವ ಉಮ್ಮನಿಗೆ ನಿಜವಾಗಿ ಎಂತೆಲ್ಲ ಗೊತ್ತಿದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಬೇಕು. ನಮ್ಮ ಎಷ್ಟೋ ಮನೆಗಳು ಉಮ್ಮಂದಿರು ಬೀಡಿ ಕಟ್ಟಿದ ದುಡ್ಡಿನಲ್ಲಿ ನಿಂತವು. ತೂಕಕ್ಕೆ ಸಿಗುವ ಎಲೆಯಲ್ಲಿ ಎಷ್ಟು ಬೀಡಿ ಆಗಬೇಕು, ಹೊಗೆಸೊಪ್ಪು ಕಡಿಮೆ ಬೀಳದ ಹಾಗೆ ಕೊನೆಯ ಕಟ್ಟಿನ ತನಕ ಹೇಗೆ ಹಂಚಬೇಕು, ಇದೆಲ್ಲ ಕೈಯಲ್ಲಿಯೇ ಲೆಕ್ಕ. ಬ್ರಾಂಚಿಗೆ ಕೊಂಡುಹೋದಾಗ ಚೆಕ್ಕರ್ ಒಂದಷ್ಟು ಬೀಡಿಯನ್ನು ಸರಿಯಿಲ್ಲ ಎಂದು ಬದಿಗೆ ಹಾಕುತ್ತಾನೆ. ಆಕೆ ಅದನ್ನು ನೋಡಿ ಮನೆಗೆ ಬಂದು ಮರುದಿನ ಪುನಃ ಸೂಪು ಮಡಿಲಿಗೆ ಇಟ್ಟುಕೊಳ್ಳುತ್ತಾಳೆ. ಒಂದಿಷ್ಟು ಬೀಡಿ ತಿರಸ್ಕಾರವಾದರೆ ತಾನೇ ತಿರಸ್ಕಾರವಾದ ಹಾಗಲ್ಲ ಎಂಬುದು ಆಕೆಗೆ ಗೊತ್ತು. ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಫೇಲಾಗಿ ಕೋಣೆ ಸೇರಿ ಚಿಲಕ ಹಾಕಿಕೊಳ್ಳುವ ಮಗನಿಗೆ ಇದಕ್ಕಿಂತ ದೊಡ್ಡ ಪಾಠ ಯಾರು ಹೇಳಬೇಕು? ಆದರೆ ಆ ಪಾಠ ಆಕೆಯ ಬಾಯಿಂದ ಬರಬೇಕಾದರೆ, ತನ್ನ ಬಳಿ ಹೇಳುವಂಥದ್ದು ಉಂಟು ಎಂದು ಮೊದಲು ಆಕೆಗೆ ಅನ್ನಿಸಬೇಕು.

ನಮ್ಮ ಭಾಷೆಯ ವಿಷಯವೂ ಇದೇ. ಬ್ಯಾರಿ ಮಾತಾಡಿದರೆ ಸಣ್ಣವರಾಗುತ್ತೇವೆ ಎಂದು ಕೆಲವರು ಪೇಟೆಗೆ ಬಂದ ಕೂಡಲೇ ಮಕ್ಕಳ ಜೊತೆ ಅರೆಬರೆ ಇಂಗ್ಲಿಷಿಗೆ ತಿರುಗುತ್ತಾರೆ. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡಮಿ ಸ್ಥಾಪಿಸಿತು. ‘ಬ್ಯಾರಿ’ ಎಂಬ ನಮ್ಮ ಭಾಷೆಯ ಸಿನಿಮಾ 2011ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವವನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಇಷ್ಟಾದರೂ ಬಸ್ಸಿನಲ್ಲಿ ಅಜ್ಜಿ ಗಟ್ಟಿಯಾಗಿ ಬ್ಯಾರಿ ಮಾತಾಡಿದರೆ ಮೊಮ್ಮಗಳು ‘ಮೆಲ್ಲ ಮಾತಾಡಿ’ ಅನ್ನುವುದುಂಟು. ಇಂಗ್ಲಿಷ್ ಖಂಡಿತ ಕಲಿಯಬೇಕು, ಹಾಜಬ್ಬರ ಹೋರಾಟ ಇದ್ದದ್ದೇ ಮಕ್ಕಳು ಕಲಿಯಬೇಕು ಎಂಬುದಕ್ಕೆ. ಆದರೆ ಅಜ್ಜಿಯ ಬಾಯಿ ಮುಚ್ಚಿಸಿ ಕಲಿಯಬೇಕಾಗಿಲ್ಲ.

ಫಲಿತಾಂಶದ ದಿನ, ವಾಪಸ್ ಬಂದ ದಿನ

ಎರಡು ದಿನಗಳ ಬಗ್ಗೆ ನಾವು ಹೆಚ್ಚು ಜಾಗ್ರತೆ ಇರಬೇಕು ಎಂದು ನಮಗೆ ಅನ್ನಿಸುತ್ತದೆ. ಒಂದು, ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ದಿನ. ಬೆಳಿಗ್ಗೆಯಿಂದ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಕಪಟ್ಟಿಗಳು, ಹೂವಿನ ಚಿತ್ರಗಳು, ಮಾಶಾ ಅಲ್ಲಾಹ್‌ಗಳು ಬರುತ್ತಾ ಇರುತ್ತವೆ. ಅದೇ ಗುಂಪಿನಲ್ಲಿ ಕಡಿಮೆ ಅಂಕ ಬಂದ ಒಂದು ಮಗು ಕೂಡ ಉಂಟು, ಅದೂ ಎಲ್ಲವನ್ನೂ ನೋಡುತ್ತಾ ಇರುತ್ತದೆ. ಸಂತೋಷ ಹಂಚಬೇಡಿ ಅಂತ ನಾವು ಹೇಳುವುದಿಲ್ಲ. ಹಂಚುವ ಮೊದಲು ಆ ಮಗುವಿಗೆ ಒಂದು ಫೋನ್ ಮಾಡಿ. ‘ಎಷ್ಟು ಬಂತು’ ಎಂದು ಕೇಳಬೇಡಿ. ‘ಊಟ ಆಯ್ತಾ ಮೋನೆ, ನಾಳೆ ಮನೆಗೆ ಬಾ’ ಎಂದರೆ ಸಾಕು. ಫೇಲಾದವರಿಗೆ ಮರುಪರೀಕ್ಷೆ ಉಂಟು. ಆ ಒಂದು ರಾತ್ರಿ ಮಾತ್ರ ಮಗುವನ್ನು ಒಂಟಿ ಬಿಡಬಾರದು. ಚಿಲಕ ಹಾಕಿದ ಬಾಗಿಲಿನ ಹೊರಗೆ ಯಾರಾದರೂ ಕೂತಿರಬೇಕು.

ಇನ್ನೊಂದು, ಗಲ್ಫ್‌ನಿಂದ ಕೆಲಸ ಬಿಟ್ಟು ಅಥವಾ ಕಳೆದುಕೊಂಡು ಮನುಷ್ಯ ಮನೆಗೆ ಬರುವ ದಿನ. ಹತ್ತಿಪ್ಪತ್ತು ವರ್ಷ ಬೇರೆಯವರಿಗಾಗಿ ದುಡಿದು, ತಂಗಿಯಂದಿರ ಮದುವೆ ಮಾಡಿಸಿ, ಮನೆಗೆ ಸ್ಲ್ಯಾಬ್ ಹಾಕಿಸಿ ಬಂದವನಿಗೆ ಊರಿನಲ್ಲಿ ಮೊದಲು ಎದುರಾಗುವ ಪ್ರಶ್ನೆ ‘ಇನ್ನು ಯಾವಾಗ ಹೋಗುವುದು?’ ಅದಕ್ಕೆ ಅವನ ಬಳಿ ಉತ್ತರ ಇರುವುದಿಲ್ಲ. ಕೆಲವರು ಈ ಪ್ರಶ್ನೆಗೆ ಹೆದರಿ ಜುಮಾಕ್ಕೆ ತಡವಾಗಿ ಬಂದು ಬೇಗ ಹೋಗುತ್ತಾರೆ. ಅವನ ಬಳಿ ‘ಈಗ ಮಕ್ಕಳಿಗೆ ಬಾಪ ಹತ್ತಿರ ಸಿಕ್ಕಿದರಲ್ಲ’ ಎಂದು ಹೇಳುವ ಒಬ್ಬ ನೆರೆಯವನಾದರೂ ಬೇಕು.

ಈ ವಾರ ಇಷ್ಟು ಮಾಡಬಹುದು

ದೊಡ್ಡ ಕೆಲಸ ಎಲ್ಲರಿಂದಲೂ ಆಗುವುದಿಲ್ಲ. ಶಾಲೆ ಕಟ್ಟುವುದು ಹಾಜಬ್ಬರಿಗೆ ಒದಗಿದ ಭಾಗ್ಯ. ನಮ್ಮ ಪಾಲಿನದ್ದು ಸಣ್ಣದಾಗಿರಬಹುದು. ಮಕ್ಕಳು ಪ್ರಶ್ನೆ ಕೇಳಿದಾಗ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ಕೇಳಿ ಹೇಳುತ್ತೇನೆ’ ಎಂದು ತಲೆ ಎತ್ತಿ ಹೇಳೋಣ. ದೊಡ್ಡವರು ಹಾಗೆ ಹೇಳುವುದನ್ನು ಕೇಳಿ ಬೆಳೆದ ಮಗು ತರಗತಿಯಲ್ಲಿ ಕೈ ಎತ್ತಲು ಹೆದರುವುದಿಲ್ಲ. ಉಮ್ಮನ ಹತ್ತಿರ ದಿನಕ್ಕೆ ಒಂದು ವಿಷಯದಲ್ಲಾದರೂ ಸಲಹೆ ಕೇಳೋಣ, ಕೇಳಿ ಸುಮ್ಮನಾಗದೆ ಹಾಗೆ ಮಾಡೋಣ. ನಮಗೆ ಯಾವ ಜಾಗದಲ್ಲಿ ಒಮ್ಮೆ ಅವಮಾನ ಆಗಿತ್ತೋ, ಅದೇ ಜಾಗದಲ್ಲಿ ಇನ್ನೊಬ್ಬರು ನಿಂತು ತಬ್ಬಿಬ್ಬಾಗುವುದನ್ನು ಕಂಡರೆ ಹತ್ತಿರ ಹೋಗಿ ‘ಎಂತ ಬೇಕಿತ್ತು?’ ಎಂದು ಕೇಳೋಣ. ಬ್ಯಾಂಕಿನಲ್ಲಿ ಚೀಟಿ ತುಂಬಿಸಿಕೊಡಲು ಎರಡು ನಿಮಿಷ ಸಾಕು.

ನಮ್ಮ ಕೊರತೆಗಳನ್ನು ಹಗುರವಾಗಿ ಹೊರುವ ಮನಸ್ಸನ್ನೂ, ಇತರರ ಕೊರತೆಗಳ ಮೇಲೆ ಕರುಣೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.